ಗ್ಲೈಕಾಲ್ ಚಿಲ್ಲರಿನ ಕಾಯಿಲಿಗೆ ಮಂಜುಗಡ್ಡೆ ಕಟ್ಟುತ್ತಿದೆ: ದೋಷ ಗ್ಯಾಸಿನದೋ, ದ್ರಾವಣದ್ದೋ?

ಪ್ರಶ್ನೆ (ತೀರ್ಥಹಳ್ಳಿ ಕಡೆಯಿಂದ)

ಎಲ್ಲರಿಗೂ ನಮಸ್ಕಾರ. ಶುಂಠಿ ಹಾಕಿದ ಕೊಂಬುಚಾವನ್ನು (ಹುದುಗಿಸಿದ ಚಹಾ ಪಾನೀಯ) ಮನೆಯಲ್ಲೇ ಹುದುಗಿಸುವ ಹವ್ಯಾಸ ನನ್ನದು. ಹುಳಿ ಹದಕ್ಕೆ ಬಂದ ಮೇಲೆ ಅದನ್ನು 50 ಲೀಟರಿನ ಸ್ಟೀಲ್ ಟ್ಯಾಂಕಿಗೆ ಸೋಸಿ, 2 ಡಿಗ್ರಿ ಸೆಲ್ಸಿಯಸ್‌ಗೆ ತಣಿಸಿ, ನಂತರ ಕಾರ್ಬನ್ ಡೈಆಕ್ಸೈಡ್ ತುಂಬಿಸುತ್ತೇನೆ. ತಣಿಸುವುದಕ್ಕೆಂದು ಒಂದು ಟನ್ನಿನ ಹಳೆಯ ಕಿಟಕಿ ಎ.ಸಿ.ಯನ್ನು ಬಿಚ್ಚಿಸಿ, ಅದರ ತಣ್ಣಗಾಗುವ ಕಾಯಿಲನ್ನು (ಗ್ಯಾಸ್ ಹರಿಯುವ ಸುರುಳಿ ಕೊಳವೆ) ದೊಡ್ಡ ಐಸ್ ಬಾಕ್ಸಿನಲ್ಲಿ ಮುಳುಗಿಸಿದ್ದೇನೆ. ಬಾಕ್ಸಿಗೆ, ನೀರು ಬೇಗ ಹೆಪ್ಪುಗಟ್ಟದಂತೆ ತಡೆಯುವ ಪ್ರೊಪಿಲೀನ್ ಗ್ಲೈಕಾಲ್ ದ್ರವ 12 ಲೀಟರ್ ಮತ್ತು 28 ಲೀಟರ್ ನೀರು ಬೆರೆಸಿ ಹಾಕಿದ್ದೆ. ಉಷ್ಣಾಂಶ ನೋಡಿ ಕಂಪ್ರೆಸರನ್ನು ಓಡಿಸುವ, ನಿಲ್ಲಿಸುವ ಎಸ್‌ಟಿಸಿ-1000 ಕಂಟ್ರೋಲರನ್ನು ಮೈನಸ್ 4 ಡಿಗ್ರಿಗೆ ಇಟ್ಟಿದ್ದೇನೆ. ಈ ದ್ರಾವಣವನ್ನು ಟ್ಯಾಂಕಿನೊಳಗಿನ ಇನ್ನೊಂದು ಕಾಯಿಲಿಗೆ ಹರಿಸುವ ಪಂಪು, ಟ್ಯಾಂಕಿಗೆ ತಂಪು ಬೇಕಾದಾಗ ಮಾತ್ರ ಓಡುತ್ತದೆ.

ಮಾರ್ಚಿನಿಂದ ಜುಲೈವರೆಗೆ ಯಾವ ತೊಂದರೆಯೂ ಇರಲಿಲ್ಲ. ಆಗಸ್ಟಿನ ಮಧ್ಯದಿಂದ ಕಾಯಿಲಿನ ಸುತ್ತ ಎರಡು ಬೆರಳು ದಪ್ಪದ ಮಂಜುಗಡ್ಡೆ ಕಟ್ಟತೊಡಗಿದೆ. ಕಂಪ್ರೆಸರ್ ಇಡೀ ರಾತ್ರಿ ನಿಲ್ಲದೆ ಓಡಿದರೂ ಕಂಟ್ರೋಲರ್ 1 ಡಿಗ್ರಿಗಿಂತ ಕೆಳಗಿಳಿಯುವುದಿಲ್ಲ, ಪಂಪಿನ ನೀರು ನೂಲಿನಂತೆ ಸಣ್ಣಗೆ ಬರುತ್ತದೆ, ಪಾನೀಯ 9 ಡಿಗ್ರಿಯಲ್ಲೇ ನಿಂತುಬಿಡುತ್ತದೆ. ಫ್ರಿಜ್ ರಿಪೇರಿಯವರೊಬ್ಬರನ್ನು ಕರೆಸಿದಾಗ ಅವರು ಗೇಜ್ ಹಾಕಿ ನೋಡಿ, ಗ್ಯಾಸ್ ಕಡಿಮೆಯಾಗಿದೆ ಎಂದು ತುಂಬಿಸಿ ಹೋದರು. ಎರಡೇ ದಿನದಲ್ಲಿ ಮತ್ತೆ ಅದೇ ಸ್ಥಿತಿ. ಈ ಬಾರಿಯ ಕೊಂಬುಚಾ ಅತಿಯಾಗಿ ಹುಳಿಯಾಗಿ ಕೈಬಿಟ್ಟು ಹೋಗುವುದರಲ್ಲಿದೆ. ತಿಳಿದವರು ದಯವಿಟ್ಟು ದಾರಿ ತೋರಿಸಬೇಕು.

ಉತ್ತರ (ಸಾಗರದಿಂದ)

ನನ್ನ ಚಿಲ್ಲರಿನಲ್ಲಿ ಇದೇ ಲಕ್ಷಣ ಕಂಡಾಗ ತಪ್ಪು ಇದ್ದದ್ದು ಸೆನ್ಸರಿನ ಜಾಗದಲ್ಲಿ. ಟ್ಯಾಂಕಿನಿಂದ ಬಿಸಿಯಾಗಿ ಹಿಂದಿರುಗುವ ಪೈಪಿನ ಬಾಯಿಯಲ್ಲೇ ಸೆನ್ಸರ್ ನೇತಾಡುತ್ತಿದ್ದರೆ ಕಂಟ್ರೋಲರಿಗೆ ಕಾಯಿಲಿನ ಬಳಿಯ ಚಳಿ ತಿಳಿಯುವುದೇ ಇಲ್ಲ. ನಿಮ್ಮ ಸೆನ್ಸರ್ ಎಲ್ಲಿದೆ ಎಂದು ನೋಡಿ ತಿಳಿಸಿ. ಅದನ್ನು ಪುಡಿ ಮಾಡಿದ ಮಂಜುಗಡ್ಡೆ ಬೆರೆತ ನೀರಿನಲ್ಲಿ ಅದ್ದಿದಾಗ 0 ತೋರಿಸದಿದ್ದರೆ ಕಂಟ್ರೋಲರಿನ ಎಫ್4 ಸೆಟ್ಟಿಂಗಿನಲ್ಲಿ ಸರಿಪಡಿಸಿಕೊಳ್ಳಬಹುದು.

ಉತ್ತರ (ಶಿವಮೊಗ್ಗದಿಂದ)

ಹಾಲು ಶೀತಲೀಕರಣದ ಯಂತ್ರಗಳ ದುರಸ್ತಿಯಲ್ಲಿ ಬಹಳ ವರ್ಷ ಕೈಯಾಡಿಸಿದವನು ನಾನು. ಸಾಗರದವರು ಹೇಳಿದ್ದನ್ನು ಖಂಡಿತ ಪರೀಕ್ಷಿಸಿ. ಆದರೆ ನೀವು ಬರೆದದ್ದನ್ನು ಓದಿದರೆ ಗ್ಯಾಸಿಗಿಂತ ಮೊದಲು ದ್ರಾವಣದ ಮೇಲೆಯೇ ನನಗೆ ಅನುಮಾನ ಬರುತ್ತದೆ.

ಐಸ್ ಬಾಕ್ಸಿನ ದ್ರಾವಣ ಮೈನಸ್ 4ರಲ್ಲಿದ್ದರೆ ಕಾಯಿಲಿನ ಮೈ ಅದಕ್ಕಿಂತ ಆರೆಂಟು ಡಿಗ್ರಿ ಕೆಳಗಿರುತ್ತದೆ, ಅಂದರೆ ಮೈನಸ್ 10ರಿಂದ ಮೈನಸ್ 12ರ ಸುಮಾರಿನಲ್ಲಿ. ಇಷ್ಟು ವ್ಯತ್ಯಾಸವಿದ್ದರೆ ಮಾತ್ರ ಶಾಖ ದ್ರಾವಣದಿಂದ ಕಾಯಿಲಿಗೆ ಹರಿಯುತ್ತದೆ. ಆದ್ದರಿಂದ ದ್ರಾವಣ ಹೆಪ್ಪುಗಟ್ಟುವ ಮಟ್ಟವನ್ನು ಕಂಟ್ರೋಲರಿನ ಅಂಕಿಯೊಂದಿಗಲ್ಲ, ಕಾಯಿಲಿನ ಉಷ್ಣಾಂಶದೊಂದಿಗೆ ಹೋಲಿಸಬೇಕು. ನೂರಕ್ಕೆ 30 ಭಾಗ ಪ್ರೊಪಿಲೀನ್ ಗ್ಲೈಕಾಲ್ ಇರುವ ದ್ರಾವಣ ಸುಮಾರು ಮೈನಸ್ 13ರಲ್ಲಿ ಹೆಪ್ಪುಗಟ್ಟಲು ತೊಡಗುತ್ತದೆ, 20 ಭಾಗವಿದ್ದರೆ ಸುಮಾರು ಮೈನಸ್ 7ರಲ್ಲೇ. ನೀವು ಮೊದಲು ಬೆರೆಸಿದ 30 ಭಾಗ ಅಂಚಿನಲ್ಲಿ ನಡೆಯುವ ಲೆಕ್ಕ. ಅದು ಸ್ವಲ್ಪ ತೆಳುವಾದರೂ ಕಾಯಿಲಿನ ಮೇಲೆ ಹರಳು ಕೂರುತ್ತದೆ.

ಒಮ್ಮೆ ಹರಳು ಕೂತಿತೆಂದರೆ ಮುಂದಿನದೆಲ್ಲ ತಾನಾಗಿ ಕೆಡುತ್ತಾ ಹೋಗುತ್ತದೆ. ಮಂಜುಗಡ್ಡೆ ಕಾಯಿಲಿಗೆ ಹೊದಿಕೆಯಂತಾಗುವುದರಿಂದ ಶಾಖ ಒಳಗೆ ಬರುವುದಿಲ್ಲ, ಶಾಖ ಸಿಗದ ಕಾಯಿಲು ಇನ್ನಷ್ಟು ತಣ್ಣಗಾಗುತ್ತದೆ, ಹೆಚ್ಚು ತಣ್ಣಗಾದಷ್ಟೂ ಗಡ್ಡೆ ದಪ್ಪವಾಗುತ್ತದೆ. ಇತ್ತ ಮೂಲೆಯಲ್ಲಿರುವ ಸೆನ್ಸರಿಗೆ ತಂಪು ತಲುಪದೆ ಕಂಪ್ರೆಸರ್ ನಿಲ್ಲುವುದೇ ಇಲ್ಲ. ಡೈರಿಗಳಲ್ಲಿ ರಾತ್ರಿಯೆಲ್ಲ ಕಾಯಿಲಿನ ಮೇಲೆ ಬೇಕೆಂದೇ ಮಂಜುಗಡ್ಡೆ ಕಟ್ಟಿಸಿ, ಬೆಳಗಿನ ಹಾಲಿಗೆ ಆ ತಂಪನ್ನು ಬಳಸುವ ತೊಟ್ಟಿಗಳಿವೆ. ಅಲ್ಲಿ ಗಡ್ಡೆಯ ದಪ್ಪ ನೋಡಿ ಕಂಪ್ರೆಸರನ್ನು ನಿಲ್ಲಿಸುವ ವ್ಯವಸ್ಥೆಯೂ ನೀರನ್ನು ಕಲಕುವ ವ್ಯವಸ್ಥೆಯೂ ಇರುತ್ತವೆ. ನಿಮ್ಮ ಬಾಕ್ಸಿನಲ್ಲಿ ಅವೆರಡೂ ಇಲ್ಲ.

ರಿಪೇರಿಯವರ ಗೇಜ್ ಒತ್ತಡ ಕಡಿಮೆ ತೋರಿಸಿದ್ದು ಸುಳ್ಳಲ್ಲ. ಗ್ಯಾಸ್ ಸೋರಿದರೂ ಒತ್ತಡ ಇಳಿಯುತ್ತದೆ, ಕಾಯಿಲಿಗೆ ಗಡ್ಡೆ ಹೊದ್ದರೂ ಇಳಿಯುತ್ತದೆ. ಎರಡನ್ನೂ ಬೇರ್ಪಡಿಸಲು ಗಡ್ಡೆಯ ಆಕಾರವನ್ನು ನೋಡಬೇಕು. ಗ್ಯಾಸ್ ಕಡಿಮೆಯಾಗಿದ್ದರೆ ಕಾಯಿಲಿನ ಮೊದಲ ಕೆಲವು ಸುತ್ತುಗಳ ಮೇಲೆ ಮಾತ್ರ ಗಡ್ಡೆ ಕಟ್ಟಿ, ಉಳಿದ ಸುತ್ತುಗಳು ಬೋಳಾಗಿರುತ್ತವೆ. ದ್ರಾವಣ ತೆಳುವಾಗಿದ್ದರೆ ಎಲ್ಲ ಸುತ್ತುಗಳ ಮೇಲೂ ಹೆಚ್ಚುಕಡಿಮೆ ಒಂದೇ ದಪ್ಪ. ನಿಮ್ಮಲ್ಲಿ ಹೇಗಿದೆ? ಇನ್ನೊಂದು ಮಾತು ಬಹಳ ಮುಖ್ಯವಾದದ್ದು: ಈ ತಿಂಗಳುಗಳಲ್ಲಿ ಬಾಕ್ಸಿಗೆ ನೀರು ಸೇರಿಸಿದ್ದೀರಾ?

ಪ್ರಶ್ನೆ ಕೇಳಿದವರು

ಸರ್, ಇಷ್ಟು ವಿವರವಾಗಿ ಬರೆದದ್ದಕ್ಕೆ ಕೃತಜ್ಞತೆಗಳು. ಗಡ್ಡೆ ಎಲ್ಲ ಸುತ್ತುಗಳ ಮೇಲೂ ಒಂದೇ ಸಮ ಇದೆ. ಸೆನ್ಸರ್ ಸಾಗರದವರು ಊಹಿಸಿದಂತೆ ಹಿಂದಿರುಗುವ ಪೈಪಿನ ಹತ್ತಿರವೇ ಇದೆ. ನೀರಿನ ವಿಷಯ ಹೇಳುವುದಾದರೆ, ಮೇ ತಿಂಗಳ ಮಧ್ಯದಿಂದ ಬಾಕ್ಸಿನ ಮಟ್ಟ ಇಳಿಯುತ್ತಿತ್ತು. ನೀರು ಆವಿಯಾಗುತ್ತದೆ, ಗ್ಲೈಕಾಲ್ ಉಳಿಯುತ್ತದೆ ಎಂದು ಎಣಿಸಿ, ವಾರಕ್ಕೊಮ್ಮೆ ಒಂದೂವರೆ ಲೀಟರಿನಷ್ಟು ಬಾವಿ ನೀರನ್ನು ಸೇರಿಸುತ್ತಾ ಬಂದಿದ್ದೇನೆ.

ಉತ್ತರ (ಶಿವಮೊಗ್ಗದಿಂದ)

ಹಾಗಾದರೆ ಕಾರಣ ಸಿಕ್ಕಂತೆಯೇ. ಬಿಸಿಲುನಾಡಿನಲ್ಲಿ ತೆರೆದಿಟ್ಟ ಬಿಸಿ ನೀರಿನ ಮಟ್ಟ ಇಳಿದರೆ ಆವಿಯಾಯಿತೆನ್ನಬಹುದು. ಆದರೆ ನಿಮ್ಮ ದ್ರಾವಣ ಇರುವುದು ಸೊನ್ನೆಯ ಆಸುಪಾಸಿನಲ್ಲಿ, ಊರು ತೀರ್ಥಹಳ್ಳಿ, ಕಾಲ ಆರಿದ್ರಾ ಮಳೆಯಿಂದ ಈಚಿನದು. ಈ ದಿನಗಳಲ್ಲಿ ನಮ್ಮ ಗಾಳಿಯ ತೇವ 20 ಡಿಗ್ರಿಯ ವಸ್ತುವಿನ ಮೇಲೂ ಹನಿಯಾಗಿ ಕೂರುವಷ್ಟಿರುತ್ತದೆ. ಅಷ್ಟು ತಣ್ಣನೆಯ ದ್ರಾವಣದಿಂದ ನೀರು ಗಾಳಿಗೆ ಹೋಗುವುದಿಲ್ಲ, ಗಾಳಿಯ ತೇವವೇ ದ್ರಾವಣಕ್ಕೆ ಇಳಿಯುತ್ತದೆ, ಅದರಲ್ಲೂ ಗ್ಲೈಕಾಲ್ ತೇವವನ್ನು ಎಳೆದುಕೊಳ್ಳುವ ಗುಣದ್ದು. ಮಳೆಗಾಲದಲ್ಲಿ ನಿಮ್ಮ ಬಾಕ್ಸಿನ ಮಟ್ಟ ಏರಬೇಕಿತ್ತು. ಇಳಿದಿದೆ ಎಂದರೆ ಎಲ್ಲೋ ಸೋರಿಕೆಯಿದೆ, ಸೋರಿದ್ದು ಬರೀ ನೀರಲ್ಲ, ಗ್ಲೈಕಾಲ್ ಬೆರೆತ ದ್ರಾವಣ. ನೀವು ತುಂಬಿದ್ದು ಮಾತ್ರ ಬರೀ ನೀರು.

ಹದಿನಾಲ್ಕು ವಾರಕ್ಕೆ 21 ಲೀಟರ್ ಆಯಿತು. ಲೆಕ್ಕ ಹಾಕಿದರೆ 30 ಭಾಗವಿದ್ದದ್ದು 18ರ ಹತ್ತಿರಕ್ಕೆ ಇಳಿದಿರಬೇಕು. ಇದನ್ನು ಮನೆಯಲ್ಲೇ ಖಚಿತಪಡಿಸಿಕೊಳ್ಳಬಹುದು. ಮೊದಲು ಕಂಪ್ರೆಸರ್ ನಿಲ್ಲಿಸಿ, ಪಂಪನ್ನು ಮಾತ್ರ ಓಡಿಸಿ, ಗಡ್ಡೆಯೆಲ್ಲ ಕರಗುವವರೆಗೆ ಕಾಯಿರಿ. ಚಾಕು, ಸ್ಕ್ರೂಡ್ರೈವರ್ ಹಾಕಿ ಗಡ್ಡೆ ಕೆತ್ತಲು ಹೋಗಬೇಡಿ, ಕಾಯಿಲು ತೂತಾದರೆ ಯಂತ್ರವೇ ಕೈಬಿಟ್ಟಂತೆ. ಪೂರ್ತಿ ಕರಗುವ ಮೊದಲು ಮಾದರಿ ತೆಗೆಯಲೂ ಬಾರದು, ಏಕೆಂದರೆ ಕಾಯಿಲಿಗೆ ಅಂಟಿದ ಗಡ್ಡೆ ಬಹುಪಾಲು ಶುದ್ಧ ನೀರಾಗಿದ್ದು, ಹೊರಗುಳಿದ ದ್ರಾವಣ ಇರುವುದಕ್ಕಿಂತ ಗಟ್ಟಿಯಾಗಿ ತೋರಿ ನಿಮ್ಮನ್ನು ದಾರಿ ತಪ್ಪಿಸುತ್ತದೆ. ಎಲ್ಲ ಕರಗಿ ಚೆನ್ನಾಗಿ ಕಲಕಿದ ಮೇಲೆ ಒಂದು ಲೋಟ ದ್ರಾವಣವನ್ನು ಫ್ರೀಜರಿನಲ್ಲಿಟ್ಟು, ಥರ್ಮಾಮೀಟರ್ ಅದ್ದಿ, ಕೆಲವು ನಿಮಿಷಗಳಿಗೊಮ್ಮೆ ಕಲಕುತ್ತಾ ನೋಡಿ. ಮೊದಲ ಹರಳು ಕಾಣಿಸಿಕೊಂಡಾಗಿನ ಉಷ್ಣಾಂಶವೇ ನಿಮ್ಮ ದ್ರಾವಣದ ನಿಜವಾದ ಅಳತೆ.

ಪ್ರಶ್ನೆ ಕೇಳಿದವರು

ನಿನ್ನೆ ರಾತ್ರಿ ಹೇಳಿದಂತೆಯೇ ಮಾಡಿದೆ. ಮೈನಸ್ ಆರೂವರೆ ಡಿಗ್ರಿಯಲ್ಲಿ ಹರಳು ಕಾಣಿಸಿತು. ಸೋರಿಕೆಯೂ ಸಿಕ್ಕಿತು. ಟ್ಯಾಂಕಿನ ಹಿಂಭಾಗದ ಹೋಸ್ ಕ್ಲಿಪ್ಪಿನ ಬಳಿ ಹನಿ ಬೀಳುತ್ತಿತ್ತು. ಯಂತ್ರವಿರುವುದು ಬಚ್ಚಲಿನ ಪಕ್ಕದ ಕೋಣೆಯಲ್ಲಿ. ಅಲ್ಲಿ ನೆಲ ಮಳೆಗಾಲವಿಡೀ ಒದ್ದೆಯಾಗಿಯೇ ಇರುವುದರಿಂದ ಇಷ್ಟು ದಿನ ಅದು ಗಮನಕ್ಕೇ ಬರಲಿಲ್ಲ. ಈಗ ದ್ರಾವಣವನ್ನೆಲ್ಲ ಚೆಲ್ಲಿ ಹೊಸದಾಗಿ ಬೆರೆಸಬೇಕೇ?

ಉತ್ತರ (ಶಿವಮೊಗ್ಗದಿಂದ)

ಚೆಲ್ಲಬೇಕಾಗಿಲ್ಲ. 40 ಲೀಟರಿನಲ್ಲಿ 18 ಭಾಗ ಎಂದರೆ ಈಗ 7.2 ಲೀಟರ್ ಗ್ಲೈಕಾಲ್ ಇದೆ. ನಿಮಗೆ ಬೇಕಾದದ್ದು 35 ಭಾಗ, ಅಂದರೆ 14 ಲೀಟರ್. 8.3 ಲೀಟರ್ ದ್ರಾವಣವನ್ನು ಹೊರತೆಗೆದು ಅಷ್ಟೇ ಶುದ್ಧ ಗ್ಲೈಕಾಲ್ ಹಾಕಿದರೆ ಲೆಕ್ಕ ಸರಿಹೋಗುತ್ತದೆ, ಹೆಪ್ಪುಗಟ್ಟುವ ಮಟ್ಟ ಮೈನಸ್ 16ರ ಸುಮಾರಿಗೆ ಇಳಿಯುತ್ತದೆ. ಹೆಚ್ಚು ಹಾಕಿದರೆ ಹೆಚ್ಚು ಒಳ್ಳೆಯದೆಂದು ಅರ್ಧಕ್ಕರ್ಧ ಬೆರೆಸಲು ಹೋಗಬೇಡಿ. ದ್ರಾವಣ ಮಂದವಾಗಿ ಪಂಪಿಗೆ ಭಾರವಾಗುತ್ತದೆ, ಶಾಖ ಒಯ್ಯುವ ಶಕ್ತಿಯೂ ತಗ್ಗುತ್ತದೆ. ಹೊರತೆಗೆದದ್ದು ವಾಸನೆ ಬಂದಿದ್ದರೆ ಅಥವಾ ಲೋಳೆಯಾಗಿದ್ದರೆ ಆಗ ಮಾತ್ರ ಎಲ್ಲವನ್ನೂ ಬದಲಾಯಿಸಿ, ಏಕೆಂದರೆ 20 ಭಾಗಕ್ಕಿಂತ ತೆಳುವಾದ ಗ್ಲೈಕಾಲಿನಲ್ಲಿ ಸೂಕ್ಷ್ಮಜೀವಿಗಳು ಬೆಳೆಯಬಲ್ಲವು. ಮುಂದೆ ಬೆರೆಸುವಾಗ ಬಾವಿ ನೀರಿನ ಬದಲು ಬ್ಯಾಟರಿಗೆ ಹಾಕುವ ಡಿಸ್ಟಿಲ್ಡ್ ನೀರನ್ನು ಬಳಸಿ. ನಮ್ಮ ಜಂಬಿಟ್ಟಿಗೆ ನೆಲದ ಎಷ್ಟೋ ಬಾವಿಗಳ ನೀರಿನಲ್ಲಿ ಕಬ್ಬಿಣದ ಅಂಶವಿರುತ್ತದೆ.

ಕಲಕುವುದಕ್ಕೆ ಕೂಲರಿನ ಸಣ್ಣ ಪಂಪೊಂದನ್ನು ಬಾಕ್ಸಿನೊಳಗೇ ಇಟ್ಟು, ಅದರ ಧಾರೆ ಕಾಯಿಲಿನ ಮೇಲೆ ಬೀಳುವಂತೆ ಮಾಡಿ, ಕಂಪ್ರೆಸರಿನ ಲೈನಿಗೇ ಜೋಡಿಸಿ. ಸೆನ್ಸರನ್ನು ಕಾಯಿಲಿಗೆ ತಾಗದಂತೆ, ಆದರೆ ಕಲಕಿದ ದ್ರಾವಣ ಹಾದುಹೋಗುವ ಜಾಗಕ್ಕೆ ಸರಿಸಿ. ಕಂಟ್ರೋಲರನ್ನು ಮೈನಸ್ 2ಕ್ಕೆ ಏರಿಸಿದರೂ 2 ಡಿಗ್ರಿಯ ಪಾನೀಯಕ್ಕೆ ಸಾಕು. ಸಿಹಿ ಕಡಿಮೆಯಿರುವ ಕೊಂಬುಚಾ ಸೊನ್ನೆಗಿಂತ ಅರ್ಧ ಡಿಗ್ರಿ ಕೆಳಗೇ ಹೆಪ್ಪುಗಟ್ಟುವುದರಿಂದ, ದ್ರಾವಣ ಅತಿ ತಣ್ಣಗಿದ್ದರೆ ಟ್ಯಾಂಕಿನೊಳಗೂ ಗಡ್ಡೆ ಕಟ್ಟುವ ಭಯವಿದೆ. ಕಂಟ್ರೋಲರಿನ ಎಫ್3 ಸೆಟ್ಟಿಂಗಿನಲ್ಲಿ ಕಂಪ್ರೆಸರಿನ ವಿರಾಮವನ್ನು ಐದು ನಿಮಿಷಕ್ಕೆ ಇಡಿ. ಮಳೆಗಾಲದಲ್ಲಿ ಕರೆಂಟು ಹೋಗಿ ಬಂದು ಮಾಡುವಾಗ ಕಂಪ್ರೆಸರನ್ನು ಉಳಿಸುವುದು ಅದೇ.

ಕೊನೆಗೆ ಗ್ಯಾಸಿನ ವಿಷಯ. ಗಡ್ಡೆ ಕಟ್ಟಿದ್ದಾಗ ಗೇಜ್ ನೋಡಿ ತುಂಬಿಸಿರುವುದರಿಂದ ಈಗ ಅದು ಹೆಚ್ಚಾಗಿರುವ ಸಂಭವವಿದೆ. ಗಡ್ಡೆಯಿಲ್ಲದೆ ಓಡುವಾಗ ಕ್ಲ್ಯಾಂಪ್ ಮೀಟರಿನಲ್ಲಿ ಕರೆಂಟು ಎ.ಸಿ.ಯ ಹಿಂದಿನ ಫಲಕದಲ್ಲಿ ಬರೆದದ್ದಕ್ಕಿಂತ ಹೆಚ್ಚು ತೋರಿಸಿದರೆ, ಅಥವಾ ಕಂಪ್ರೆಸರಿನ ಮೈ ಮೇಲೇ ಹಿಮ ಕೂತರೆ, ಗ್ಯಾಸನ್ನು ಸಿಲಿಂಡರಿಗೆ ಹಿಂತೆಗೆಸಿ ಫಲಕದಲ್ಲಿರುವಷ್ಟನ್ನೇ ತೂಗಿ ತುಂಬಿಸಬೇಕು. ಹಳೆಯ ಎ.ಸಿ.ಗಳಲ್ಲಿರುವ ಆರ್-22 ಗ್ಯಾಸ್ ಓಝೋನ್ ಪದರಕ್ಕೆ ಕೇಡು ಮಾಡುವಂಥದ್ದು, ಅದನ್ನು ಗಾಳಿಗೆ ಬಿಡಲು ಯಾರನ್ನೂ ಬಿಡಬೇಡಿ.

ಉತ್ತರ (ಹೊಸನಗರದಿಂದ)

ಗ್ಲೈಕಾಲ್ ಕೊಳ್ಳಲು ಹೊರಟಿರುವುದರಿಂದ ಒಂದು ಮಾತು ಸೇರಿಸುತ್ತೇನೆ. ಅಗ್ಗಕ್ಕೆ ಸಿಗುತ್ತದೆ ಎಂದು ಕಾರಿನ ರೇಡಿಯೇಟರಿಗೆ ಹಾಕುವ ಕೂಲೆಂಟನ್ನು ದಯವಿಟ್ಟು ಬಳಸಬೇಡಿ. ಅದರಲ್ಲಿ ಸಾಮಾನ್ಯವಾಗಿ ಇರುವುದು ಎಥಿಲೀನ್ ಗ್ಲೈಕಾಲ್. ರುಚಿಯಲ್ಲಿ ಸಿಹಿ, ಮೂತ್ರಪಿಂಡಕ್ಕೆ ವಿಷ. ಟ್ಯಾಂಕಿನೊಳಗಿನ ಕಾಯಿಲು ಸೂಜಿಮೊನೆಯಷ್ಟು ಸೋರಿದರೂ ಅದು ಕುಡಿಯುವ ಪಾನೀಯಕ್ಕೆ ಸೇರುತ್ತದೆ. ಔಷಧ ದರ್ಜೆಯ, ಐ.ಪಿ. (ಇಂಡಿಯನ್ ಫಾರ್ಮಕೋಪಿಯಾ) ಎಂದು ನಮೂದಿಸಿದ ಪ್ರೊಪಿಲೀನ್ ಗ್ಲೈಕಾಲನ್ನು, ಆ ಬ್ಯಾಚಿನ ಪರೀಕ್ಷಾ ವರದಿಯೊಂದಿಗೆ, ಮುದ್ರೆ ಒಡೆಯದ ಡಬ್ಬದಲ್ಲೇ ಕೊಳ್ಳಿ. 2022ರಲ್ಲಿ ಗ್ಯಾಂಬಿಯಾದಲ್ಲಿ ಮಕ್ಕಳ ಸಾವಿಗೆ ಸಂಬಂಧಿಸಿ ವಿಶ್ವ ಆರೋಗ್ಯ ಸಂಸ್ಥೆ ಎಚ್ಚರಿಕೆ ನೀಡಿದ ಸಿರಪ್‌ಗಳಲ್ಲಿ ಕಂಡುಬಂದದ್ದು ಇದೇ ಎಥಿಲೀನ್ ಮತ್ತು ಡೈಎಥಿಲೀನ್ ಗ್ಲೈಕಾಲ್‌ಗಳ ಬೆರಕೆ. ಈ ವಿಷಯದಲ್ಲಿ ನಾನು ಬಿಡಿಯಾಗಿ ಸುರಿದುಕೊಡುವ ಅಂಗಡಿಗಳತ್ತ ಹೋಗುವುದೇ ಇಲ್ಲ.

ಪ್ರಶ್ನೆ ಕೇಳಿದವರು

ಎರಡು ವಾರ ಕಳೆದು ಬರೆಯುತ್ತಿದ್ದೇನೆ. ಕ್ಲಿಪ್ ಬದಲಾಯಿಸಿ, ಪರೀಕ್ಷಾ ವರದಿ ಇರುವ ಗ್ಲೈಕಾಲನ್ನೇ ತರಿಸಿ, ಲೆಕ್ಕದಂತೆ 8.3 ಲೀಟರ್ ಹಾಕಿದೆ. ಲೋಟದ ಮಾದರಿ ಮೈನಸ್ 15ರವರೆಗೆ ಹರಳುಗಟ್ಟಲಿಲ್ಲ. ಸಣ್ಣ ಪಂಪನ್ನೂ ಸೆನ್ಸರನ್ನೂ ಹೇಳಿದ ಜಾಗದಲ್ಲಿಟ್ಟೆ. ಈಗ ಕಂಪ್ರೆಸರ್ ಓಡಿ, ನಿಂತು, ಮತ್ತೆ ಓಡುತ್ತದೆ, ಕಾಯಿಲು ಬರಿಮೈಯಲ್ಲಿದೆ. ಕೊಂಬುಚಾ ಮರುದಿನ ಬೆಳಿಗ್ಗೆ 2 ಡಿಗ್ರಿಗೆ ಇಳಿದಿತ್ತು. ಕ್ಲ್ಯಾಂಪ್ ಮೀಟರಿನಲ್ಲಿ ಕರೆಂಟು ಫಲಕದ ಅಂಕಿಗಿಂತ ತುಸು ಹೆಚ್ಚು ಬಂದದ್ದರಿಂದ ಗ್ಯಾಸನ್ನು ತೂಗಿ ತುಂಬುವವರನ್ನು ಈ ಶನಿವಾರಕ್ಕೆ ಕರೆದಿದ್ದೇನೆ.

ಬಾಕ್ಸಿನ ಒಳಮೈಗೆ ಬಣ್ಣದಲ್ಲಿ ಒಂದು ಗೆರೆ ಎಳೆದಿದ್ದೆ. ಹದಿನೈದು ದಿನಕ್ಕೆ ದ್ರಾವಣ ಆ ಗೆರೆಗಿಂತ ಒಂದು ನೂಲಿನಷ್ಟು ಮೇಲೇರಿದೆ. ಮುಚ್ಚಳದ ಸಂದಿಗೆ ಥರ್ಮೋಕೋಲ್ ಪಟ್ಟಿ ಅಂಟಿಸಿದ್ದೇನೆ. ಮಳೆ ಮುಗಿಯುವವರೆಗೆ ತಿಂಗಳಿಗೊಮ್ಮೆ ಲೋಟದ ಪರೀಕ್ಷೆ ಮಾಡುತ್ತೇನೆ.