ಒದ್ದೆ ಟ್ರ್ಯಾಕ್‌ನಲ್ಲಿ ಗಿರಗಿಟ್ಲೆ: ಕಾಲು ಎತ್ತಬೇಕಿತ್ತಾ, ಎತ್ತಬಾರದಿತ್ತಾ?

ಕೆಂಪು_ಸ್ವಿಫ್ಟ್:
ಹೋದ ಭಾನುವಾರ ಚೆನ್ನೈ ಹತ್ತಿರದ ಇರುಂಗಾಟುಕೋಟೈ ರೇಸ್ ಟ್ರ್ಯಾಕ್‌ಗೆ ಟ್ರ್ಯಾಕ್ ಡೇ (ನಮ್ಮ ಕಾರನ್ನೇ ಟ್ರ್ಯಾಕ್‌ನಲ್ಲಿ ಓಡಿಸುವ ದಿನ) ಅಂತ ಹೋಗಿದ್ದೆ. ರಾತ್ರಿ ಎರಡಕ್ಕೆ ಬೆಂಗಳೂರು ಬಿಟ್ಟೆ. ಶ್ರೀಪೆರಂಬದೂರು ಬರುವಷ್ಟರಲ್ಲಿ ಮಳೆ ಶುರು. ನವೆಂಬರ್ ಅಲ್ವಾ, ಆ ಕಡೆ ಹಿಂಗಾರು ಜೋರು. ವಾಪಸ್ ಬರೋಣ ಅನ್ನಿಸಿತು, ಆದರೆ ದುಡ್ಡು ಕಟ್ಟಿ ಆಗಿತ್ತು.

ಮೊದಲ ಸೆಷನ್ ಅಜ್ಜಿಯ ಹಾಗೆ ಓಡಿಸಿದೆ. ಎರಡನೆಯದರಲ್ಲಿ ಸ್ವಲ್ಪ ಧೈರ್ಯ ಬಂತು. ಮೂರನೇ ಸುತ್ತು, ಬಲ ತಿರುವು, ಮೂರನೇ ಗೇರ್, ಸುಮಾರು 70ರ ವೇಗ. ತಿರುವಿನ ಮಧ್ಯದಲ್ಲಿ ನೀರು ಹೊಳೆಯುವುದು ಕಾಣಿಸಿತು. ಹೆದರಿ ಆಕ್ಸಿಲರೇಟರ್‌ನಿಂದ ಕಾಲು ಪೂರ್ತಿ ಎತ್ತಿಬಿಟ್ಟೆ. ಹಿಂಭಾಗ ಎಡಕ್ಕೆ ಹೊರಟಿತು. ಗಾಜಿನಲ್ಲಿ ಹುಲ್ಲು ಕಂಡಿತು, ಆಮೇಲೆ ಟೈರಿನ ಗೋಡೆ, ಆಮೇಲೆ ನಾನು ಬಂದ ದಾರಿಯೇ! ಹುಲ್ಲಿನ ಮೇಲೆ ಹಿಂದುಮುಂದಾಗಿ ನಿಂತೆ. ಇಂಜಿನ್ ಆಫ್ ಆಗಿತ್ತು, ವೈಪರ್ ಮಾತ್ರ ಏನೂ ಆಗಿಲ್ಲವೆಂಬಂತೆ ಟಕ್ ಟಕ್ ಅಂತಿತ್ತು. ದೂರದಲ್ಲಿ ಟ್ರ್ಯಾಕ್ ಕಾಯುವ ಮಾರ್ಷಲ್ ಎಚ್ಚರಿಕೆಯ ಹಳದಿ ಬಾವುಟ ಬೀಸುತ್ತಿದ್ದರು. ಯಾರಿಗೂ ಏನೂ ಆಗಲಿಲ್ಲ.

ಈಗ ಪ್ರಶ್ನೆ. ಬೆಳಿಗ್ಗೆ ಕೋಚ್ ಹೇಳಿಕೊಟ್ಟಾಗ 'ಕಾರು ತಿರುಗದಿದ್ದರೆ ಕಾಲು ಎತ್ತು' ಅಂದರು. ನಾನು ತಿರುಗಿ ನಿಂತ ಮೇಲೆ ಅವರೇ 'ಕಾಲು ಯಾಕೆ ಎತ್ತಿದೆ' ಅಂದರು. ಯಾವುದು ಸರಿ?

ಕಾಫಿ_ಕಣ:
ಎರಡೂ ಸರಿ ಮಾರಾಯ್ರೇ. ಯಾವ ಚಕ್ರ ಜಾರುತ್ತಿದೆ ಅನ್ನುವುದರ ಮೇಲೆ ನಿಂತಿದೆ.

ಮುಂದಿನದು ಜಾರಿದರೆ ಸ್ಟೀರಿಂಗ್ ಹಗುರವಾಗುತ್ತದೆ. ಎಷ್ಟು ತಿರುಗಿಸಿದರೂ ಕಾರು ನೇರ ಹೋಗುತ್ತದೆ. ಆಗ ಇನ್ನಷ್ಟು ತಿರುಗಿಸಬಾರದು. ಸ್ಟೀರಿಂಗ್ ಸ್ವಲ್ಪ ನೇರಕ್ಕೆ ತಂದು, ಕಾಲನ್ನು ಮೆಲ್ಲಗೆ ಎತ್ತಿ. ಭಾರ ಮುಂದಕ್ಕೆ ಬಂದು ಟೈರು ಹಿಡಿಯುತ್ತದೆ.

ಹಿಂದಿನದು ಜಾರಿದರೆ ಅದು ಕೈಗಿಂತ ಮೊದಲು ಕುಂಡೆಗೆ ಗೊತ್ತಾಗುತ್ತದೆ. ಆಗ ಕಾಲು ಎತ್ತಿದರೆ ಹಿಂದಿನ ಭಾರ ಇನ್ನೂ ಕಮ್ಮಿಯಾಗಿ ಬಾಲ ಪೂರ್ತಿ ಹಾರುತ್ತದೆ. ನಿಮಗೆ ಆಗಿದ್ದು ಅದೇ. ಮುಂದಿನ ಚಕ್ರ ಎಳೆಯುವ ಕಾರಿನಲ್ಲಿ ಆಕ್ಸಿಲರೇಟರ್ ಸ್ವಲ್ಪ ಒತ್ತಿಯೇ ಇಡಿ, ಬಾಲ ಹೋದ ಕಡೆಗೇ ಸ್ಟೀರಿಂಗ್ ಕೊಡಿ. ಕಣ್ಣು ಮಾತ್ರ ನೀವು ಹೋಗಬೇಕಾದ ಕಡೆ ಇರಲಿ, ಗೋಡೆ ಕಡೆ ಅಲ್ಲ. ಇನ್ನು ಕೈಗೆ ಸಿಗಲ್ಲ ಅಂತ ಖಾತ್ರಿಯಾದರೆ ಕ್ಲಚ್, ಬ್ರೇಕ್ ಎರಡೂ ಒತ್ತಿ ಕೂತುಬಿಡಿ.

ನಾನು ಇದನ್ನು ಕಲಿತದ್ದು ಚಿಕ್ಕಮಗಳೂರಿನ ತೋಟದ ಕೆಸರಿನಲ್ಲಿ, ಅಪ್ಪನ ಜೀಪಿನಲ್ಲಿ. ಅದು ಹಿಂದಿನ ಚಕ್ರದ್ದು, ಆಟವೇ ಬೇರೆ. ಬೈಗುಳ ಮಾತ್ರ ಒಂದೇ.

ಕಾರ್ಟಿಂಗ್_ಹುಚ್ಚ:
ಒಂದು ಮಾತು ಸೇರಿಸ್ತೀನಿ. ಒಣಗಿದಾಗ ಎಲ್ಲರೂ ಹೋಗುವ ಗೆರೆಯ ಮೇಲೆ ರಬ್ಬರ್ ಮೆತ್ತಿರುತ್ತದೆ. ನೀರು ಬಿದ್ದರೆ ಅದೇ ಜಾಗ ಎಣ್ಣೆ ಹಚ್ಚಿದ ಹಂಚು. ಮಳೆಯಲ್ಲಿ ಅದರಿಂದ ಆಚೆ, ಒರಟು ಡಾಂಬರು ಹುಡುಕಿ. ತಿರುವಿನ ಅಂಚಿಗಿರುವ ಬಣ್ಣ ಬಳಿದ ಕರ್ಬ್ ಮೇಲೆ ಚಕ್ರ ಇಡಲೇಬೇಡಿ. ಬ್ರೇಕ್ ಹಾಕುವುದೆಲ್ಲಾ ಕಾರು ನೇರ ಇದ್ದಾಗಲೇ ಮುಗಿಸಿ.

ಪಂಕ್ಚರ್_ಅಂಗಡಿ:
ಎಲ್ಲಾ ಸರಿ. ಹಿಂದಿನ ಟೈರ್ ಎಷ್ಟು ಹಳೇದು?

ಕೆಂಪು_ಸ್ವಿಫ್ಟ್:
ಮುಂದಿನ ಎರಡು ಆಗಸ್ಟ್‌ನಲ್ಲಿ ಹಾಕಿಸಿದ ಹೊಸವು. ಹಿಂದಿನವು 45 ಸಾವಿರ ಕಿ.ಮೀ. ಓಡಿವೆ. ಈಗ ಟೈರಿನ ಗೀರುಗಳ ಆಳ ಅಳೆದೆ: ಮುಂದೆ 7 ಮಿ.ಮೀ., ಹಿಂದೆ ಎರಡೂವರೆ.

ಪಂಕ್ಚರ್_ಅಂಗಡಿ:
ಸಿಕ್ತು ನೋಡಿ ಕಳ್ಳ. ಮುಂದಿನ ಚಕ್ರ ಎಳೆಯುವ ಕಾರು, ಹೊಸದು ಮುಂದೆ ಹಾಕು ಅಂತ ಊರೆಲ್ಲಾ ಹೇಳುತ್ತಾರೆ. ಬೇಗ ಸವೆಯುವುದು ಮುಂದಿನದೇ, ಲೆಕ್ಕ ಸರಿ ಅನ್ನಿಸುತ್ತದೆ. ಆದರೆ ಮಳೆಯಲ್ಲಿ ಏನಾಗುತ್ತದೆ ಅಂದರೆ, ಮುಂದಿನ ಟೈರು ನೀರು ಸೀಳಿಕೊಂಡು ಆರಾಮಾಗಿ ಹೋಗುತ್ತದೆ, ಸ್ಟೀರಿಂಗ್ ಗಟ್ಟಿಯಾಗೇ ಇರುತ್ತದೆ. ಹಿಂದಿನದರ ಸವೆದ ಗೀರುಗಳಿಗೆ ಅಷ್ಟು ನೀರು ಹೊರಹಾಕಲು ಆಗದೆ ಅದು ತೇಲುತ್ತದೆ. ನಿಮಗೆ ಸುದ್ದಿ ಬರುವಷ್ಟರಲ್ಲಿ ಕಾರು ಅಡ್ಡ. ಕಾನೂನಿಗೆ 1.6 ಮಿ.ಮೀ. ಸಾಕು, ನೀರಿಗೆ ಕಾನೂನು ಗೊತ್ತಿಲ್ಲ. ಎರಡೇ ಟೈರ್ ಕೊಂಡರೆ ಹೊಸದು ಹಿಂದೆ. ಸುಮ್ನೆ ನಿಮ್ಮ ಕಾಲನ್ನೇ ಬೈಬೇಡಿ, ಅರ್ಧ ತಪ್ಪು ಮಾತ್ರ ಅದರದ್ದು.

ಕೆಂಪು_ಸ್ವಿಫ್ಟ್:
ನಿನ್ನೆ ಅದಲು ಬದಲು ಮಾಡಿಸಿದೆ. ಅಂಗಡಿ ಹುಡುಗ 'ಸಾರ್, ಉಲ್ಟಾ ಹಾಕಿಸ್ತಿದ್ದೀರಾ' ಅಂತ ಎರಡು ಸಲ ಕೇಳಿದ. ಜಾಕ್ ಏರಿಸಿದಾಗ ಬಂಪರ್ ಒಳಗಿಂದ ಇನ್ನೊಂದು ಹಿಡಿ ಹುಲ್ಲು ಉದುರಿತು. ಫೆಬ್ರವರಿಯಲ್ಲಿ ಕೊಯಮತ್ತೂರಿನ 'ಕರಿ ಮೋಟಾರ್ ಸ್ಪೀಡ್‌ವೇ' ರೇಸ್ ಟ್ರ್ಯಾಕ್‌ಗೆ ಹೋಗೋಣ ಅಂತಿದ್ದೇನೆ. ಆಗ ಮಳೆ ಇರಲ್ಲ ಅನ್ನುವುದೇ ಈಗ ಬೇಜಾರು.