ಗ್ಲಸ್ಟರ್ ವಾಲ್ಯೂಮ್ ತುಂಬ್ತಾ ಬಂತು: ಇರೋ ಬ್ರಿಕ್ ಬೆಳೆಸೋದಾ, ಹೊಸ ಬ್ರಿಕ್ ಸೇರಿಸೋದಾ?

ಓಲೆಗರಿ:
ನಮ್ಮ ಗ್ರಂಥಾಲಯದಲ್ಲಿ ಹಳೇ ಪತ್ರಿಕೆಗಳ ಸ್ಕ್ಯಾನಿಂಗ್ ನಡೀತಿದೆ. ಮೂರು ಸರ್ವರ್, ಅವುಗಳ ಜಾಗವನ್ನ ಒಂದೇ ವಾಲ್ಯೂಮ್ ಆಗಿ ತೋರಿಸೋ ಗ್ಲಸ್ಟರ್‌ಎಫ್‌ಎಸ್, ರೆಪ್ಲಿಕಾ 3 (ಪ್ರತಿಯೊಂದು ಫೈಲಿನ ನಕಲು ಮೂರರಲ್ಲೂ). ಒಂದೊಂದರಲ್ಲೂ 20 ಟಿಬಿಯ ಒಂದೇ ಬ್ರಿಕ್ (ಗ್ಲಸ್ಟರ್‌ಗೆ ಬಿಟ್ಟುಕೊಟ್ಟ ಡಿಸ್ಕ್ ಜಾಗ). ರೇಡ್ 6 (ಹಲವು ಡಿಸ್ಕ್ ಸೇರಿಸಿದ ಗುಂಪು) ಮೇಲೆ ಎಲ್‌ವಿಎಂ (ಡಿಸ್ಕ್ ಜಾಗ ಕೂಡಿಸಿ ಹಂಚೋ ಪದರ), ಅದರ ಮೇಲೆ ಎಕ್ಸ್‌ಎಫ್‌ಎಸ್ ಫೈಲ್‌ಸಿಸ್ಟಂ. ಈಗ 87% ತುಂಬಿದೆ. ಹೊಸ ಡಿಸ್ಕ್ ಬಂದಿವೆ, ಮೂರರಲ್ಲೂ ಖಾಲಿ ಸ್ಲಾಟ್ ಇವೆ, ಇನ್ನೊಂದು 20 ಟಿಬಿ ರೇಡ್ 6 ಗುಂಪು ಮಾಡಬಹುದು. ಅದನ್ನ ಹಳೇ ಬ್ರಿಕ್ಕಿಗೇ ಸೇರಿಸಿ ಬೆಳೆಸಲಾ, ಬೇರೆ ಬ್ರಿಕ್ ಮಾಡಲಾ? ಸ್ಕ್ಯಾನಿಂಗ್ ನಿಲ್ಲಿಸೋ ಹಾಗಿಲ್ಲ.

ಧಾರವಾಡ ಅಡ್ಮಿನ್:
ಇದ್ದದ್ದನ್ನ ಬೆಳಸ್ರಿ. ಎಲ್‌ವಿಎಂ ಕಮಾಂಡ್ ಪಿವಿಕ್ರಿಯೇಟ್, ವಿಜಿಎಕ್ಸ್‌ಟೆಂಡ್, ಆಮ್ಯಾಲೆ ಎಲ್‌ವಿಎಕ್ಸ್‌ಟೆಂಡ್‌ಗೆ ‘ಆರ್’ ಆಯ್ಕೆ ಕೊಟ್ರ ಫೈಲ್‌ಸಿಸ್ಟಂನೂ ಜೋಡೀಲೇ ಬೆಳೀತದ. ಅನ್‌ಮೌಂಟ್ ಬ್ಯಾಡ, ರೀಬೂಟ್ ಬ್ಯಾಡ. ಮೂರೂ ಸರ್ವರ್ ಮುಗಿಯೋತನಕ ಕ್ಲೈಂಟ್‌ನಾಗ ಡಿಎಫ್ (ಡಿಸ್ಕ್ ಜಾಗ ತೋರಸೋ ಕಮಾಂಡ್) ಹಳೇ ಅಳತೀನೇ ತೋರಸ್ತದ, ಗಾಬರಿ ಆಗಬ್ಯಾಡ್ರಿ. ರೆಪ್ಲಿಕಾದಾಗ ಎಲ್ಲಾಕ್ಕಿಂತ ಸಣ್ಣ ಬ್ರಿಕ್ಕೇ ಲೆಕ್ಕ. ರೀಬ್ಯಾಲೆನ್ಸ್ (ಫೈಲ್‌ಗಳನ್ನ ಬ್ರಿಕ್ಕುಗಳ ನಡುವ ಮತ್ತ ಹಂಚೋದು) ಅನ್ನೋ ಮಾತೇ ಬರಂಗಿಲ್ಲ.

ಕಾವೇರಿ ರೂಟ್:
ಸರ್, ಸುಲಭ ನಿಜ, ಆದರೆ ಅದರ ಬೆಲೆ ಏನು ಅಂತ ಹೇಳಲೇ ಇಲ್ಲ ನೀವು. ಎರಡು ರೇಡ್ ಗುಂಪುಗಳ ಮೇಲೆ ಒಂದೇ ಎಕ್ಸ್‌ಎಫ್‌ಎಸ್ ಹಾಸಿದರೆ, ಯಾವ ಗುಂಪು ಹೋದರೂ ಆ ಸರ್ವರ್‌ನ ಇಡೀ 40 ಟಿಬಿ ಹೋದಂತೆ. ಆಗ ಉಳಿದೆರಡು ಸರ್ವರ್‌ಗಳಿಂದ ಎಲ್ಲವನ್ನೂ ಹೀಲ್ ಮಾಡಬೇಕು, ಅಂದರೆ ಮತ್ತೆ ನಕಲಿಸಬೇಕು. 1 ಜಿಬಿಪಿಎಸ್ ಲೈನಿನಲ್ಲಿ ಸೆಕೆಂಡಿಗೆ 110 ಎಂಬಿ ಸಿಕ್ಕಿತು ಅಂದುಕೊಳ್ಳಿ, 40 ಟಿಬಿಗೆ ನೂರು ಗಂಟೆ ಆಗುತ್ತೆ. ಅದೂ ತಡೆಯಿಲ್ಲದೆ ನಡೆದರೆ. ಬೇರೆ ಬ್ರಿಕ್ ಮಾಡಿದ್ದರೆ ಅರ್ಧದಲ್ಲೇ ಮುಗಿಯುತ್ತೆ. ಇನ್ನೊಂದು: ಬೆಳೆಸಿದ ಎಕ್ಸ್‌ಎಫ್‌ಎಸ್ಸನ್ನ ನಂಬಿ ಕುಗ್ಗಿಸೋಕೆ ದಾರಿ ಇಲ್ಲ. ಬ್ರಿಕ್ ಆದರೆ ರಿಮೂವ್‌ಬ್ರಿಕ್ ಕೊಟ್ಟು, ಡೇಟಾ ಪೂರ್ತಿ ಹೊರಗೆ ಬಂತಾ ನೋಡಿ, ಆಮೇಲೆ ಕಮಿಟ್ ಮಾಡಿ ತೆಗೀಬಹುದು.

ಧಾರವಾಡ ಅಡ್ಮಿನ್:
ರೇಡ್ 6 ಅಂದ್ರ ಗುಂಪಿಗೆ ಎರಡೆರಡು ಡಿಸ್ಕ್ ಹೋದ್ರೂ ನಡೀತದ ಮೇಡಂ. ನೀವು ಹೇಳೋ ಹಂಗ ಆಗೋದು ಅಪರೂಪ. ಬ್ರಿಕ್ ಸೇರಿಸಿದ್ರ ತೊಂದ್ರಿ ದಿನಾ ಐತಿ. ಗ್ಲಸ್ಟರ್ ಫೈಲಿನ ಹೆಸರನ್ನ ಹ್ಯಾಶ್ ಮಾಡಿ (ಹೆಸರಿನಿಂದ ಒಂದು ಸಂಖ್ಯೆ ತಗದು) ಯಾವ ಬ್ರಿಕ್ಕು ಅಂತ ಗೊತ್ತುಮಾಡ್ತದ. ಹಳೇ ಬ್ರಿಕ್ಕಿನಾಗ ಕುಂತ ಫೈಲ್ ಬೆಳಕೋತ ಹೋದ್ರ ಹೊಸ ಬ್ರಿಕ್ಕಿಗೆ ಹರಿಯಂಗಿಲ್ಲ; ಶಾರ್ಡಿಂಗ್ (ಫೈಲನ್ನ ತುಂಡು ಮಾಡಿ ಇಡೋದು) ಇಲ್ಲಾಂದ್ರ ಡಿಎಫ್‌ನಾಗ 20 ಟಿಬಿ ಖಾಲಿ ಕಾಣಸ್ತಿರ್ತದ, ಆ ಫೈಲಿಗೆ ಮಾತ್ರ ‘ಜಾಗ ಇಲ್ಲ’ ಅಂತ ಎರರ್. ವಿಎಂ (ವರ್ಚುವಲ್ ಮಷಿನ್) ಡಿಸ್ಕ್ ಇಟ್ಟವ್ರಿಗೆ ಇದರ ಬಿಸಿ ಗೊತ್ತಿರ್ತದ.

ಓಲೆಗರಿ:
ನಮ್ಮಲ್ಲಿ ಎಲ್ಲಾ ಟಿಫ್ ಫೈಲ್‌ಗಳು, ಒಂದೊಂದು 40ರಿಂದ 80 ಎಂಬಿ. ಒಮ್ಮೆ ಬರೆದ ಮೇಲೆ ಯಾರೂ ಮುಟ್ಟಲ್ಲ. ಪತ್ರಿಕೆಗೊಂದು ಡೈರೆಕ್ಟರಿ, ಒಳಗೆ ವರ್ಷಕ್ಕೊಂದು.

ಕಾವೇರಿ ರೂಟ್:
ಹಾಗಾದರೆ ಬೆಳೆಯೋ ಫೈಲಿನ ಸಮಸ್ಯೆ ನಿಮಗಿಲ್ಲ. ಹೊಸ ಬ್ರಿಕ್ಕೇ ಸರಿ. ಹೊಸದಾಗಿ ಮಾಡಿದ ಡೈರೆಕ್ಟರಿಗಳು ಎರಡೂ ಕಡೆ ಹಂಚಿಕೊಳ್ಳುತ್ತವೆ. ಹಳೇ ಡೈರೆಕ್ಟರಿಗಳಿಗೆ ಹೊಸ ಬ್ರಿಕ್ ಇದೆ ಅಂತ ಫಿಕ್ಸ್‌ಲೇಔಟ್ (ಡೈರೆಕ್ಟರಿಯ ಹಂಚಿಕೆ ಸರಿಪಡಿಸೋ ಕಮಾಂಡ್) ಓಡಿಸೋವರೆಗೂ ತಿಳಿಯಲ್ಲ. ಡೇಟಾ ಸಾಗಿಸೋ ಪೂರ್ತಿ ರೀಬ್ಯಾಲೆನ್ಸ್ ಆಮೇಲೆ ಮಾಡಿ, ಥ್ರಾಟಲ್ (ಸಾಗಿಸೋ ವೇಗ) ‘ಲೇಜಿ’ಗೆ ಇಟ್ಟು.

ಕರಾವಳಿ ಕ್ಲಸ್ಟರ್:
ಎರಡೂ ಬೇಡ, ಸೆಫ್ ಅನ್ನೋ ಇನ್ನೊಂದು ಸ್ಟೋರೇಜ್ ವ್ಯವಸ್ಥೆಗೆ ಬನ್ನಿ ಮಾರಾಯ್ರೆ. ಗ್ಲಸ್ಟರ್ ಮೇಲೆ ಕಟ್ಟಿದ ರೆಡ್ ಹ್ಯಾಟ್ ಉತ್ಪನ್ನಕ್ಕೆ 2024ರ ಕೊನೆಗೇ ಬೆಂಬಲ ನಿಂತಿತು. ಸೆಫ್‌ನಲ್ಲಿ ಹೊಸ ಓಎಸ್‌ಡಿ (ಒಂದು ಡಿಸ್ಕ್ ನೋಡಿಕೊಳ್ಳುವ ಘಟಕ) ಹಾಕಿದರೆ ಹಂಚಿಕೆ ಅದೇ ನೋಡಿಕೊಳ್ತದೆ.

ವಿಧಾನಸೌಧ ಬೈಟ್:
ಬೆಂಬಲದ ಮಾತು ಒಪ್ಪಿದೆ. 2011ರಲ್ಲಿ ರೆಡ್ ಹ್ಯಾಟ್ 13.6 ಕೋಟಿ ಡಾಲರ್ ಕೊಟ್ಟು ಕೊಂಡ ಕಂಪನಿ ಗ್ಲಸ್ಟರ್, ಎಂಜಿನಿಯರಿಂಗ್ ಕೆಲಸ ಬಹಳಷ್ಟು ನಮ್ಮ ಬೆಂಗಳೂರಲ್ಲೇ ನಡೀತಿತ್ತು. ಅದು ಹೀಗೆ ಸೊರಗಿದ್ದಕ್ಕೆ ನನಗೆ ನಿಜವಾಗಿಯೂ ಬೇಜಾರಿದೆ. ಆದರೆ 87% ತುಂಬಿದವರಿಗೆ ಇವತ್ತು ಕೊಡೋ ಸಲಹೆ ಅಲ್ಲ ಇದು. ಅಷ್ಟೂ ಟಿಫ್ ಮೊದಲು ಎಲ್ಲಿ ಇಡಬೇಕು? ಸೆಫ್‌ನಲ್ಲೂ 85%ಕ್ಕೆ ಎಚ್ಚರಿಕೆ, 90%ಕ್ಕೆ ಬ್ಯಾಕ್‌ಫಿಲ್ (ಡಿಸ್ಕ್‌ಗಳ ನಡುವೆ ಡೇಟಾ ಸಾಗಿಸೋದು) ನಿಲ್ಲುತ್ತೆ, 95%ಕ್ಕೆ ಬರೆಯೋದೇ ಬಂದ್. ಮೂರೇ ಸರ್ವರ್, ಮೂರು ಪ್ರತಿ ಅಂದರೆ ಒಂದು ಸರ್ವರ್ ಬಿದ್ದಾಗ ಮೂರನೇ ಪ್ರತಿ ಇಡೋಕೆ ಬೇರೆ ಸರ್ವರ್ ಎಲ್ಲಿದೆ?

ಕರಾವಳಿ ಕ್ಲಸ್ಟರ್:
ನಾಲ್ಕನೇ ಸರ್ವರ್ ಬೇಕು, ಹೌದು. ಮುಂದಿನ ಖರೀದಿಗಾದರೂ ಇದನ್ನು ಲೆಕ್ಕಕ್ಕೆ ತಗೊಳ್ಳಿ. ಯಾರೂ ನೋಡಿಕೊಳ್ಳದ ಸಾಫ್ಟ್‌ವೇರ್ ಮೇಲೆ ಪತ್ರಿಕೆಗಳ ಇತಿಹಾಸ ಕೂರಬಾರದು ಅನ್ನೋದಷ್ಟೇ ನನ್ನ ಕಳವಳ.

ಧಾರವಾಡ ಅಡ್ಮಿನ್:
ಟಿಫ್ ಅಂತ ಮೊದಲೇ ಹೇಳಿದ್ರ ನಾನೂ ಬ್ರಿಕ್ ಅಂತಿದ್ದೆ. ಆದ್ರ ಆ ಕೆಲಸ ತಡಾ ಮಾಡಬ್ಯಾಡ್ರಿ. ಮಿನ್‌ಫ್ರೀಡಿಸ್ಕ್ (ಕನಿಷ್ಠ ಖಾಲಿ ಜಾಗದ ಮಿತಿ) ಡಿಫಾಲ್ಟ್ 10% ಐತಿ. ಹಳೇ ಬ್ರಿಕ್ಕಿನಾಗ ಖಾಲಿ ಜಾಗ ಅದಕ್ಕಿಂತ ಕಡಿಮಿ ಆತಂದ್ರ, ಅಲ್ಲಿಗೆ ಬರಬೇಕಾದ ಹೊಸ ಫೈಲನ್ನ ಗ್ಲಸ್ಟರ್ ಇನ್ನೊಂದು ಬ್ರಿಕ್ಕಿಗೆ ಕಳಸ್ತದ, ಇಲ್ಲಿ ಸೊನ್ನೆ ಬೈಟಿನ ಲಿಂಕ್ ಫೈಲ್ ಇಡ್ತದ. ಬ್ರಿಕ್ಕಿನೊಳಗ ಎಲ್‌ಎಸ್ ಕೊಟ್ಟಾಗ ಪರ್ಮಿಷನ್ ಕಡೆ ಬರೇ ಗೀಟು, ಕೊನಿಗೊಂದು ‘ಟಿ’ ಕಂಡ್ರ ಅದೇ. ಕಸ ಅಂತ ತಿಳದು ಅದನ್ನ ಅಳಿಸಬ್ಯಾಡ್ರಿ. ಶುರು ಮಾಡೋಕಿಂತ ಮೊದ್ಲ ಹೀಲ್ ಇನ್ಫೋ ಕಮಾಂಡಿನಾಗ ಹೀಲ್ ಆಗೋದು ಬಾಕಿ ಇರೋ ಲೆಕ್ಕ ಮೂರೂ ಕಡೆ ಸೊನ್ನೆ ಇರಬೇಕು.

ಓಲೆಗರಿ:
ಎಲ್ಲರಿಗೂ ಧನ್ಯವಾದ. ಹೊಸ ಬ್ರಿಕ್ಕೇ ಮಾಡ್ತೀವಿ. ಒಂದೊಂದೇ ಸರ್ವರ್‌ನದು ಸೇರಿಸ್ತಾ ಹೋಗಬಹುದಾ?

ಕಾವೇರಿ ರೂಟ್:
ಆಗಲ್ಲ, ರೆಪ್ಲಿಕಾ 3ರಲ್ಲಿ ಮೂರರ ಲೆಕ್ಕದಲ್ಲೇ ಕೊಡಬೇಕು. ಆ್ಯಡ್‌ಬ್ರಿಕ್ ಸಾಲಿನಲ್ಲಿ ಅಕ್ಕಪಕ್ಕ ಬರೆದ ಮೂರು ಒಂದು ಗುಂಪಾಗುತ್ತವೆ, ಹಾಗಾಗಿ ಸರ್ವರ್‌ಗೆ ಒಂದರಂತೆ ಬರೀರಿ. ಬ್ರಿಕ್ಕನ್ನ ಮೌಂಟ್ ಪಾಯಿಂಟ್ ಮೇಲೇ ಇಡಬೇಡಿ, ಒಳಗೊಂದು ಡೈರೆಕ್ಟರಿ ಮಾಡಿ ಅದರಲ್ಲಿ ಇಡಿ. ರೀಬೂಟ್ ಆದಾಗ ಡಿಸ್ಕ್ ಮೌಂಟ್ ಆಗದೇ ಹೋದರೆ ಆ ಡೈರೆಕ್ಟರಿ ಸಿಗದೆ ಬ್ರಿಕ್ ಶುರುವಾಗಲ್ಲ. ಇಲ್ಲದಿದ್ದರೆ ನಿಮ್ಮ ಟಿಫ್‌ಗಳು ರೂಟ್ ಪಾರ್ಟಿಷನ್‌ಗೆ ಹೋಗಿ ಸುರಿಯೋ ಅಪಾಯ ಇರುತ್ತೆ.