ಎಂ74ಕ್ಕೆ ಎಚ್-ಆಲ್ಫಾ ಫಿಲ್ಟರ್: 3 ನ್ಯಾನೋಮೀಟರೋ, 7ಓ?

(ಆಕಾಶದ ಚಿತ್ರ ತೆಗೆಯುವ ನಾಲ್ವರ ಮಾತುಕತೆ; ಹೆಸರಿನ ಬದಲು ಅವರವರ ಊರು.)

ಹೊಸೂರು: ಆಸ್ಟ್ರೋಸ್ಯಾಟ್ ಉಪಗ್ರಹದ ಯುವಿಐಟಿ ದೂರದರ್ಶಕ ತೆಗೆದ ಎಂ74 ಗ್ಯಾಲಕ್ಸಿಯ ಅತಿನೇರಳೆ ಚಿತ್ರದ ಪಕ್ಕ ಇಡೋಕೆ ಎಚ್-ಆಲ್ಫಾ, ಅಂದ್ರೆ ಹೈಡ್ರೋಜನ್‌ನ ಕೆಂಪು ಬೆಳಕಿನ, ಚಿತ್ರ ಬೇಕು. 8 ಇಂಚಿನ ಎಫ್/5 ನ್ಯೂಟೋನಿಯನ್ (ಕನ್ನಡಿ ದೂರದರ್ಶಕ), 3.76 ಮೈಕ್ರಾನ್ ಪಿಕ್ಸೆಲ್‌ನ ಮೊನೋ (ಕಪ್ಪು-ಬಿಳುಪು) ಕ್ಯಾಮೆರಾ ಇದೆ. ಸುತ್ತ ಎಲ್‌ಇಡಿ ಬೀದಿದೀಪ. 3 ನ್ಯಾನೋಮೀಟರ್ ಅಗಲದ ಬೆಳಕು ಬಿಡೋದೋ, 7ರದ್ದೋ, ಯಾವ ಫಿಲ್ಟರ್ ತಗೊಳ್ಳಲಿ?

ಬದಿಯಡ್ಕ: 3ರದ್ದು ಬೇಡ ಮಾರಾಯ್ರೇ. 32 ಸಾವಿರ ಹೋಯ್ತು, ಕಸ್ಟಮ್ಸ್ ಬೇರೆ. ಎಂ74 ಸೆಕೆಂಡಿಗೆ ಸುಮಾರು 657 ಕಿ.ಮೀ. ವೇಗದಲ್ಲಿ ದೂರ ಹೋಗ್ತಾ ಉಂಟು. ಅದಕ್ಕೆ ಎಚ್-ಆಲ್ಫಾದ 656.3 ನ್ಯಾನೋಮೀಟರಿನ ಗೆರೆ 657.7ಕ್ಕೆ ಜಾರ್ತದೆ, ಫಿಲ್ಟರಿನ ಬಾಗಿಲು 657.8ಕ್ಕೇ ಮುಚ್ಚುತ್ತದೆ. ಸಾಲದ್ದಕ್ಕೆ ಎಫ್/5ರ ಓರೆ ಕಿರಣಕ್ಕೆ ಆ ಬಾಗಿಲು ಇನ್ನೂ ನೀಲಿ ಕಡೆಗೆ ಸರೀತದೆ. 300 ಸೆಕೆಂಡಿನ 40 ಫ್ರೇಮ್ ಕೂಡಿಸಿದರೂ ಸುರುಳಿ ತೋಳಿನ ಚುಕ್ಕೆಗಳು ಅರ್ಧಕ್ಕರ್ಧ ಮಾಯ. ಮತ್ತೆ ಸೆಕೆಂಡರಿ ಕನ್ನಡಿಗೆ 12 ವೋಲ್ಟಿನ ಹೀಟರ್ ಇಲ್ಲದಿದ್ದರೆ ನಡುರಾತ್ರಿಗೆ ಮೊದಲೇ ಇಬ್ಬನಿ ಹಿಡಿದು ಕೆಲಸ ಖತಂ. ಮಳೆಗಾಲಕ್ಕೆ ಕನ್ನಡಿಗೆ ಬೂಸ್ಟು ಹಿಡಿಯದ ಹಾಗೆ ಟ್ಯೂಬಿನೊಳಗೆ ತೇವ ಹೀರುವ ಸಿಲಿಕಾ ಜೆಲ್ ಅರ್ಧ ಕಿಲೋ, ಎರಡು ವಾರಕ್ಕೊಮ್ಮೆ ಹುರಿಯಬೇಕು.

ಅಕ್ಕಲಕೋಟ: 7ರದು ಹಚ್ಚಿ ಊರ ದೀಪ ಸೋಸ್ತೀರೇನ್ರಿ? ಎರಡು ಪಟ್ಟು ಮ್ಯಾಲೆ ಬೆಳಕು ಒಳಗ ಬರ್ತೈತಿ. ನಮ್ಮದು 80 ಮಿ.ಮೀ. ಎಫ್/6 ರಿಫ್ರ್ಯಾಕ್ಟರ್ (ಲೆನ್ಸಿನ ದೂರದರ್ಶಕ), 3ರ ಫಿಲ್ಟರ್. ಎಂ33 ಗ್ಯಾಲಕ್ಸಿ ಚೊಲೋ ಬಂದೈತಿ. ಇಲ್ಲಿ ಕೆಡಸೂದು ಫಿಲ್ಟರ್ ಅಲ್ರಿ, ಕಬ್ಬಿನ ರವದಿ (ಒಣ ಎಲಿ) ಸುಡೋ ಹೊಗಿ.

ಬದಿಯಡ್ಕ: ಎಂ33 ಸೆಕೆಂಡಿಗೆ 180 ಕಿ.ಮೀ. ನಮ್ಮ ಕಡೆಗೇ ಬರ್ತಾ ಉಂಟು, ಗೆರೆ 0.4 ಮಾತ್ರ ಸರಿಯುವುದು. ಅದಕ್ಕೇ ಬಂತು. ಎಂ74 ತೆಗೆದು ತೋರಿಸಿ ನೋಡುವಾ! ನಿಮ್ಮ 480 ಮಿ.ಮೀ. ನಾಭಿದೂರಕ್ಕೆ ಇಂಥ 3.76 ಮೈಕ್ರಾನಿನ ಒಂದು ಪಿಕ್ಸೆಲ್ಲೇ 1.6 ಆರ್ಕ್‌ಸೆಕೆಂಡು (ಡಿಗ್ರಿಯ 3600ರಲ್ಲಿ ಒಂದು ಭಾಗವೇ ಆರ್ಕ್‌ಸೆಕೆಂಡು), ಯುವಿಐಟಿಯಲ್ಲಿ ಇಡೀ ನಕ್ಷತ್ರವೇ ಅಷ್ಟು. ಗ್ಯಾಲೆಕ್ಸ್ ಎಂಬ ಹಳೆಯ ಅತಿನೇರಳೆ ಉಪಗ್ರಹದ 5 ಆರ್ಕ್‌ಸೆಕೆಂಡಿನ ಚಿತ್ರಕ್ಕಾದರೆ ಸಾಕು.

ಅಕ್ಕಲಕೋಟ: ನಿಮ್ಮ ಕಡೆ ಗಾಳಿ ಅಲುಗಾಟಕ್ಕ ನಕ್ಷತ್ರ 3 ಆರ್ಕ್‌ಸೆಕೆಂಡ್ ಹಿಗ್ಗತಾವು. 8 ಇಂಚಿನದರ 0.78 ಆರ್ಕ್‌ಸೆಕೆಂಡಿನ ಪಿಕ್ಸೆಲ್ ಇಟ್ಕೊಂಡು ಪೂಜಿ ಮಾಡ್ರಿ.

ತಾಳವಾಡಿ: ಇಬ್ರೂ ಆರ್ ಬ್ಯಾಂಡ್ (ಅಗಲವಾದ ಕೆಂಪು ಫಿಲ್ಟರ್) ಮರ್ತೇಬಿಟ್ರಲ್ಲ. ಎಚ್-ಆಲ್ಫಾ ಫಿಲ್ಟರಿನೊಳಗೆ ಹಳೇ ನಕ್ಷತ್ರಗಳ ಬೆಳಕೂ ನುಗ್ಗುತ್ತೆ. ಅದೇ ರಾತ್ರಿ ಆರ್‌ನಲ್ಲಿ 60 ಸೆಕೆಂಡಿನ 60 ಫ್ರೇಮ್ ತೆಗೆದು, ಗುಣಿಸಿ, ಎಚ್-ಆಲ್ಫಾ ಚಿತ್ರದಿಂದ ಕಳೀಬೇಕು. ಗ್ಯಾಲಕ್ಸಿ ಸುತ್ತಲ ನಕ್ಷತ್ರ ಅಳಿಸಿಹೋಗೋವರೆಗೆ ಗುಣಕ ಬದಲಿಸ್ತಾ ಹೋಗಿ. ಅವು ಕಪ್ಪು ಗುಳಿಯಾದ್ರೆ ಜಾಸ್ತಿ ಕಳೆದ್ರಿ ಅಂತ. ಆಮೇಲೆ ಯುವಿಐಟಿ ಚಿತ್ರಾನ ನಿಮ್ಮ ನಕ್ಷತ್ರದಷ್ಟೇ ಮಸುಕು ಮಾಡಿ ಹೋಲಿಸಿ. ಯುವಿಐಟಿಯ ಎಫ್‌ಯುವಿಯಲ್ಲಿ (ದೂರದ ಅತಿನೇರಳೆ) ನಕ್ಷತ್ರ ಕಮ್ಮಿ, ಎನ್‌ಯುವಿ (ಸಮೀಪದ ಅತಿನೇರಳೆ) ಇದ್ರೆ ಅದರ ನಕ್ಷತ್ರ ನೋಡಿ ಚಿತ್ರ ಜೋಡಿಸಿ. 2018ರಲ್ಲಿ ಆ ಚಾನೆಲ್ ಕೆಟ್ಟಿತು, ಆಮೇಲಿನ ಚಿತ್ರಕ್ಕೆ ಅದೂ ಇಲ್ಲ. ಎಚ್-ಆಲ್ಫಾ ಹೇಳೋದು 1 ಕೋಟಿ ವರ್ಷದೊಳಗೆ ಹುಟ್ಟಿದ ಭಾರೀ ತೂಕದ ನಕ್ಷತ್ರಗಳ ಮಾತು, ಎಫ್‌ಯುವಿ 10 ಕೋಟಿವರೆಗೆ. ಆರ್ ಕಳೀದೆ ಒಂದನ್ನ ಇನ್ನೊಂದರಿಂದ ಭಾಗಿಸಿದ್ರೆ ಬರೋ ಅಂಕಿ ಬರೀ ಕಸ.

ಹೊಸೂರು: ಹಾಗಾದ್ರೆ 7ರದ್ದು, ಜೊತೆಗೆ ಆರ್. ಸರೀನಾ?

ಅಕ್ಕಲಕೋಟ: ಸಿಲಿಕಾ ಜೆಲ್ ಹುರದ್ರ ಕನ್ನಡಿಗೆ ಆಗಲೇ ಹತ್ತಿದ ಬೂಸ್ಟು ಹೋಗೂದಿಲ್ಲ, ಅದನ್ನೂ ಹೇಳ್ರಿ.

ಬದಿಯಡ್ಕ: ಹೋಗ್ತದೆ ಅಂತ ಹೇಳಿದ್ದು ಯಾರು? ಹಿಡಿಯದ ಹಾಗೆ ಹುರಿಯುವುದು. ನೀವು ಮೊದಲು ರವದಿಗೆ ಬೆಂಕಿ ಹಾಕುವುದು ನಿಲ್ಲಿಸಿ.